ಮೊದಲ ರೇಟಿಗೇ ಒಪ್ಪಿದ ಗಿರಾಕಿ

ನನಗೊಂದು ಕಾಯಿಲೆಯಿದೆ, ಮೊದಲೇ ಹೇಳಿಬಿಡುತ್ತೇನೆ. ಹೇಳಿದ ಬೆಲೆಗೆ ಯಾರಾದರೂ ಸುಮ್ಮನೆ ಒಪ್ಪಿಕೊಂಡರೆ ಆ ದಿನ ನನಗೆ ಊಟ ಸೇರುವುದಿಲ್ಲ. ನಮ್ಮ ಸಂತೆಯ ಬದನೆಕಾಯಿಯವಳಿಗೂ ಇದು ಗೊತ್ತು. ನಾನು ದೂರದಲ್ಲಿ ಬರುವುದು ಕಂಡರೆ ಐದು ರೂಪಾಯಿ ಏರಿಸಿಕೊಂಡು, ಇಳಿಸುವುದಕ್ಕೆ ತಯಾರಾಗಿ ಕೂರುತ್ತಾಳೆ. ಅದನ್ನು ಮೋಸ ಎನ್ನಬೇಡಿ, ಅದು ನನಗೆ ಕೊಡುವ ಮರ್ಯಾದೆ. ಮೊದಲು ಹೇಳುವ ರೇಟು ಕೊಡುವುದಕ್ಕಲ್ಲ, ಮಾತು ಶುರು ಮಾಡುವುದಕ್ಕೆ. ಹೊಸದಾಗಿ ಅಂಗಡಿ ಇಡುವವರು ಇಷ್ಟನ್ನಾದರೂ ನನ್ನಿಂದ ಕಲಿತುಕೊಳ್ಳಲಿ ಎಂದು ಬಿಟ್ಟಿಯಾಗಿ ಹೇಳುತ್ತಿದ್ದೇನೆ.

ಶಿಗ್ಗಾವಿ ಬಸ್ ನಿಲ್ದಾಣದ ಹತ್ತಿರ ನಮ್ಮದು ಬೈಕಿನ ಸಣ್ಣಪುಟ್ಟ ಸಾಮಾನಿನ ಅಂಗಡಿ. ಕ್ಲಚ್ ಕೇಬಲ್, ಬ್ರೇಕ್ ಶೂ, ಕನ್ನಡಿ, ಸೀಟ್ ಕವರ್, ಇಂಥವು. ಪಕ್ಕದಲ್ಲೇ ಗ್ಯಾರೇಜು. ಎರಡನ್ನೂ ಶುರು ಮಾಡಿದವರು ನಮ್ಮ ಮನೆಯವರು. ಅವರ ಕೈ ಎಷ್ಟು ಚುರುಕೋ ಬಾಯಿ ಅಷ್ಟು ಮೆತ್ತಗೆ. ಗಿರಾಕಿ "ಸ್ವಲ್ಪ ನೋಡಿ ಮಾಡ್ರಲಾ" ಎಂದರೆ ಸಾಕು, ತಂದ ಬೆಲೆಗಿಂತ ಕಡಿಮೆಗೆ ಕೊಟ್ಟು, ಮೇಲೆ ಚಹಾ ಕುಡಿಸಿ ಕಳಿಸುತ್ತಿದ್ದರು. ಒಂದು ವರ್ಷ ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಸೆರಗು ಸಿಕ್ಕಿಸಿಕೊಂಡು ಹೋಗಿ ಗಲ್ಲಾದ ಮುಂದೆ ಕೂತುಬಿಟ್ಟೆ. "ಗಾಡಿ ಸಾಮಾನ ಹೆಣ್ಮಕ್ಕಳಿಗೇನ ತಿಳೀತೈತಿ" ಎಂದು ನಕ್ಕವರೇ ಆರು ತಿಂಗಳಲ್ಲಿ, ನಾನಿಲ್ಲದ ದಿನ, "ಅಕ್ಕಾರು ಇಲ್ಲೇನು? ಹಂಗಾರ ಆಮ್ಯಾಲ ಬರ್ತೇವಿ" ಎಂದು ಹೊರಳಿ ಹೋಗುವಂತಾಯಿತು.

ಆಗಿನ ವ್ಯಾಪಾರದ ಸೊಗಸೇ ಬೇರೆ. ಸವಣೂರಿನಿಂದ ವೀಳ್ಯದೆಲೆ ತೋಟದ ಸಾಹೇಬರೊಬ್ಬರು ಬರುತ್ತಿದ್ದರು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು, ನಮ್ಮತ್ತೆಗೆಂದು. ಅದನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು ಒಂದು ಕ್ಲಚ್ ಕೇಬಲಿನ ರೇಟು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿಯುತ್ತಿದ್ದರು.

"ಅಕ್ಕಾರ, ನಿಮ್ಮ ರೇಟ್ ಕೇಳಿದ್ರ ಗಾಡಿ ಮಾರಿ ಕುದರಿ ತಗೊಳ್ಳೂದ ಬೇಷ್ ಅನಸ್ತೈತಿ."

"ತಗೋರಿ. ಲಾಳಾ ಬೇಕಂತ ಮತ್ತ ನನ್ನ ಕಡೆನ ಬರ್ತೀರಿ."

ಹೀಗೆ ಒಂದು ಕೇಬಲ್ ಮಾರುವಷ್ಟರಲ್ಲಿ ಅವರ ಮಗಳ ನಿಶ್ಚಯ, ತಮ್ಮನ ಮೊಣಕಾಲು ನೋವು, ಆ ವರ್ಷದ ಎಲೆಯ ರೋಗ ಎಲ್ಲವೂ ತಿಳಿಯುತ್ತಿತ್ತು. ಹಾನಗಲ್ಲಿನ ಭತ್ತದ ಗದ್ದೆಯವರದು ಇನ್ನೊಂದು ಪದ್ಧತಿ. ಮಾತೇ ಆಡದೆ ಸಾಮಾನು ಕೆಳಗಿಟ್ಟು ನಡೆದೇಬಿಡುತ್ತಿದ್ದರು. ಅವರು ಚಹಾದ ಅಂಗಡಿ ದಾಟುವವರೆಗೆ ನಾನು ಕರೆಯುತ್ತಿರಲಿಲ್ಲ. ದಾಟಿದ ಮೇಲೆ ನಾನು ಕರೆಯದಿದ್ದರೂ ಅವರೇ ತಿರುಗಿ ನೋಡುತ್ತಿದ್ದರು.

ಈಗ ಮನೆಯವರಿಲ್ಲ. ಗ್ಯಾರೇಜನ್ನು ಮಗ ಮಹಾಂತೇಶ ನೋಡಿಕೊಳ್ಳುತ್ತಾನೆ. ಅಂಗಡಿಗೆ ಬರುವವರು ಕಡಿಮೆಯಾದರು. ಎಲ್ಲರಿಗೂ ಸಾಮಾನು ಫೋನಿನಲ್ಲೇ ಬರುತ್ತದಂತೆ. ಒಂದು ದಿನ ಮಗ ಊಟಕ್ಕೆ ಕೂತಾಗ ಹೇಳಿದ: "ಅವ್ವ, ಮೊಬೈಲ್ ಅಂಗಡಿ ಇಡಾಂವ ಒಬ್ಬಾಂವ ನಮ್ಮ ಜಾಗಾ ಬಾಡಿಗಿಗೆ ಕೇಳಾಕತ್ತಾನ." ನಾನು ರೊಟ್ಟಿಯ ಬುಟ್ಟಿಯನ್ನು ಅವನಿಂದ ದೂರ ಸರಿಸಿದೆ. ಆಗ ಬಾಯಿ ಹಾಕಿದವಳು ಸೊಸೆ ಶಿಲ್ಪಾ. "ದೀಪಾವಳಿತನಕ ತಡೀರಿ. ಆನ್‌ಲೈನ್ ಅಂಗಡಿ ಹಾಕ್ತೇನಿ. ನಡೀಲಿಲ್ಲಂದ್ರ ಕೊಟ್ಟಬಿಡ್ರಿ."

ಸರಿ, ಬಿಳೀ ಹಾಸಿಗೆಯ ಮೇಲೆ ಒಂದೊಂದೇ ಸಾಮಾನಿಟ್ಟು, ಕೂಸಿನ ಫೋಟೋ ತೆಗೆದಂತೆ ತೆಗೆದಳು. ರೇಟು ಹೇಳುವ ಕೆಲಸ ನನ್ನದು.

"ಕನ್ನಡಿ ಜೋಡಿ ನಾಕನೂರು ಅಂತ ಬರಿ," ಎಂದೆ.

"ಅತ್ತಿ, ಉಳಿದೋರೆಲ್ಲಾ ಇನ್ನೂರಾ ಐವತ್ತಕ್ಕ ಕೊಡಾಕತ್ತಾರ್ರಿ. ನಾಕನೂರಕ್ಕ ಯಾರ ತಗೋತಾರ?"

"ತಗೋ ಅಂತ ಯಾರ ಅಂದ್ರು? ಕೇಳಲಿ. ಕೇಳಿದ್ರ ಇಳಸೂನು."

"ಇಲ್ಲಿ ಕೇಳಾಕ ಜಾಗಾನ ಇರೂದಿಲ್ರಿ."

ಕೇಳಲು ಜಾಗವೇ ಇಲ್ಲದ ಅಂಗಡಿ ಇರುತ್ತದೆಂದು ನಾನು ನಂಬಲಿಲ್ಲ. ಹಟ ಹಿಡಿದೆ. ಹಿರಿಯರ ಅನುಭವಕ್ಕೆ ಬೆಲೆ ಕೊಟ್ಟು ಶಿಲ್ಪಾ ಹಾಗೇ ಬರೆದಳು. ತಿಂಗಳಾಯಿತು. ಒಂದು ನೊಣವೂ ಕೂರಲಿಲ್ಲ.

ಕಡೆಗೊಂದು ದಿನ ಆರ್ಡರ್ ಬಂತು. ಹಿರೇಕೆರೂರಿನ ಬಸಣ್ಣ ಎಂಬವರು, ಒಂದು ಜೋಡಿ ಕನ್ನಡಿ, ಪೂರಾ ನಾಲ್ಕುನೂರು ಮುಂಗಡವಾಗಿ ಕೊಟ್ಟಿದ್ದರು. ಶಿಲ್ಪಾ ಖುಷಿಯಿಂದ ರವೆಯ ಶಿರಾ ಮಾಡಿದಳು. ನನಗೆ ಮಾತ್ರ ಶಿರಾ ಸೇರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಮೊದಲ ರೇಟನ್ನು ಕೊಟ್ಟವರು ಒಬ್ಬರೂ ಇರಲಿಲ್ಲ. ಈ ಮನುಷ್ಯನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ? ಕೆಲಸ ಮಾಡದೆ ಕೂಲಿ ತೆಗೆದುಕೊಂಡಂತೆ ಕಸಿವಿಸಿಯಾಯಿತು. ಸೊಸೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ಪಾರ್ಸೆಲ್ ಚೀಟಿಯಲ್ಲಿದ್ದ ನಂಬರು ನೋಡಿ ಆಕೆಯ ಫೋನಿನಿಂದಲೇ ಬಸಣ್ಣನವರಿಗೆ ಹಚ್ಚಿದೆ.

"ಕನ್ನಡಿಗೆ ನಾಕನೂರು ಕೊಟ್ಟೀರಲ್ರಿ, ಭಾಳ ಆತು. ನೂರಾ ಐವತ್ತು ವಾಪಸ್ ಕೊಡ್ತೇನಿ."

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು. ಆಮೇಲೆ, "ಈಗ ಓಟಿಪಿ ಕೇಳ್ತೀರಿ, ಹೌದಿಲ್ಲೋ?"

"ನನಗ್ಯಾಕ್ರಿ ಅದು?"

"ಹೋದ ವಾರ ನಮ್ಮ ಭಾವಗೂ ಹಿಂಗ ಅಂದ್ರು. ರೊಕ್ಕಾ ವಾಪಸ್ ಕೊಡ್ತೇನಿ ಅನ್ನೋರು ಒಬ್ರೂ ಚಲೋ ಮಂದಿ ಇರೂದಿಲ್ಲ. ಇಡ್ರಿ ಫೋನು."

ಕಾಲು ತಾಸಿನಲ್ಲಿ ಆರ್ಡರ್ ರದ್ದಾಯಿತು. ನಮ್ಮ ಅಂಗಡಿಯ ಹೆಸರಿನ ಕೆಳಗೆ ಐದರಲ್ಲಿ ಒಂದೇ ಒಂದು ಚುಕ್ಕಿ, ಜೊತೆಗೆ ಊರಿಗೆಲ್ಲ ಕಾಣುವಂತೆ ಒಂದು ಸಾಲು: "ಮೋಸಗಾರರು, ಹುಷಾರ್." ಶಿಲ್ಪಾ ಅದನ್ನು ಓದಿ ಉಳಿದ ಶಿರಾವನ್ನು ಡಬ್ಬಿಗೆ ತುಂಬಿಟ್ಟಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ದೀಪಾವಳಿಗೆ ಇಪ್ಪತ್ತು ದಿನವಿತ್ತು.

ಮರುದಿನ ಮಗನ ಫೋನಿನಿಂದ ಮತ್ತೆ ಹಚ್ಚಿದೆ. ಈ ಸಲ ಮೆತ್ತಗಾಗಲಿಲ್ಲ.

"ಮೋಸಗಾರ್ರು ಅಂತ ಬರದೀರಲ್ಲ, ನಿಮ್ಮ ಗಾಡಿ ಕನ್ನಡಿ ಹೆಂಗ ಒಡದ್ವು, ಅದನ್ನಷ್ಟ ಹೇಳಿ ಫೋನ್ ಇಡ್ರಿ."

"ಹೊಲದ ದಾರ್ಯಾಗ ಬಿದ್ದಿದ್ದೆ."

"ಒಂದ ಬಾಜೂ ಬಿದ್ರ ಒಂದ ಕನ್ನಡಿ ಒಡೀತೈತಿ. ಎರಡೂ ಒಡದಾವು ಅಂದ್ರ ಎರಡ ಸಲ ಬಿದ್ದೈತಿ. ನೀವು ಬಿದ್ದದ್ದು ಒಂದ ಸಲ. ಇನ್ನೊಂದ ಸಲ ಗಾಡಿ ಯಾರಿಗೋ ಕೊಟ್ಟಿದ್ರಿ."

"ಹೆಂಡ್ತಿ ತಮ್ಮಗ ಕೊಟ್ಟಿದ್ನಿರಿ," ಎಂದು ಬಸಣ್ಣ ದನಿ ಇಳಿಸಿದರು. ಆಮೇಲೆ ಪರೀಕ್ಷೆ ಮಾಡುವವರಂತೆ, "ಅದಿರ್ಲಿ, ಜೋಡಿ ನೂರಾ ಐವತ್ತಕ್ಕ ಕೊಡ್ತೀರೇನು?"

"ಅಷ್ಟಕ್ಕ ಗಾಜಿಲ್ಲದ ಬರೇ ದಾಂಡಿ ಅಷ್ಟ ಬರ್ತಾವು. ಹಿಂದ ಬರೋ ಲಾರಿ ನೋಡಾಕ ಹೆಂಡ್ತಿನ್ನ ಹಿಂದ ಮುಂದಾಗಿ ಕುಂದರಿಸ್ಕೋರಿ."

ಫೋನಿನಲ್ಲಿ ನಗೆ ಸಿಡಿಯಿತು. "ಈಗ ಖಾತ್ರಿ ಆತ್ರಿ ಅಕ್ಕಾರ. ಮೋಸಾ ಮಾಡೋರು ರೇಟಿಗೆ ಹಿಂಗ ಜಗ್ಗೂದಿಲ್ಲ. ನೀವು ಅಂಗಡಿಯೋರ."

ಇಪ್ಪತ್ತು ನಿಮಿಷ ಜಗ್ಗಾಡಿದೆವು. ಅವರ ಕೊನೆಯ ಮಗಳ ಪರೀಕ್ಷೆ, ಮೆಕ್ಕೆಜೋಳದ ಧಾರಣೆ, ಹೆಂಡತಿಯ ತಮ್ಮನ ಗುಣ, ಎಲ್ಲವೂ ಬಂತು. ಇನ್ನೂರ ಅರವತ್ತಕ್ಕೆ ಕುದುರಿತು. ಇಷ್ಟು ಹಾಯಾಗಿ ಸೋತು ಎಷ್ಟು ವರ್ಷವಾಗಿತ್ತೋ. ಸಾಮಾನು ಮುಟ್ಟಿದ ಮೇಲೆ ಒಂದು ಚುಕ್ಕಿ ನಾಲ್ಕಾಯಿತು, ಸಾಲೂ ಬದಲಾಯಿತು: "ಸಾಮಾನು ಚಲೋ ಐತಿ. ಅಕ್ಕಾರ ಮಾತು ಜಾಸ್ತಿ."

ಶಿಲ್ಪಾ ಅದರ ಕೆಳಗೆ ತನ್ನ ಫೋನ್ ನಂಬರು ಹಾಕಿದಳು. ಅದನ್ನು ಓದಿಯೇ ಜನ ಫೋನು ಮಾಡತೊಡಗಿದರು. ಹಾನಗಲ್ಲಿನಿಂದ, ಬಂಕಾಪುರದಿಂದ, "ಆ ಜಗ್ಗಾಡೋ ಅಕ್ಕಾರಿಗೆ ಕೊಡ್ರಿ" ಎಂದು. ದೀಪಾವಳಿಯ ಹೊತ್ತಿಗೆ ಮೊಬೈಲ್ ಅಂಗಡಿಯವನಿಗೆ ಮಗ ಬೇರೆ ಜಾಗ ನೋಡಿಕೊಳ್ಳಲು ಹೇಳಿದ. ಶಿಲ್ಪಾ ರೇಟುಗಳನ್ನೆಲ್ಲ ಸರಿಯಾಗಿ ತಿದ್ದಿ, ನನಗಾಗಿ ಒಂದಿಷ್ಟು ಇಳಿಸುವ ಜಾಗ ಬಿಟ್ಟಳು. ಆದರೆ ನಾನು ಫೋನು ಹಿಡಿದರೆ ಪಾರ್ಸೆಲ್ ಕಟ್ಟುವವರಿಲ್ಲ ಎಂದು ಒಂದು ಕರಾರು ಮುಂದಿಟ್ಟಳು.

"ಅತ್ತಿ, ಫೋನ್ ದಿನಕ್ಕ ಅರ್ಧಾ ತಾಸು ನಿಮ್ಮ ಕಡೆ."

"ನಾಕು ತಾಸು," ಎಂದೆ.

ಆಕೆ ಟೇಪು ಹರಿಯುತ್ತ ಕೂತಳು, ತಲೆ ಎತ್ತಲಿಲ್ಲ. ನಾನು ಮೂರೆಂದೆ, ಎರಡೆಂದೆ. ಕಡೆಗೆ ಒಂದು ತಾಸಿಗೆ ಆಕೆ ದೊಡ್ಡ ಮನಸ್ಸು ಮಾಡಿ ಒಪ್ಪಿದಳು. ಅರ್ಧ ತಾಸನ್ನು ದುಪ್ಪಟ್ಟು ಮಾಡಿದೆನೆಂದು ಬೀಗಿದೆ. ಬೀಗಿದ ಮೇಲೆ ಸುಮ್ಮನಿರಬೇಕಿತ್ತು.

"ಖರೇ ಹೇಳು, ನಿನ್ನ ಮನಸ್ಸಿನ್ಯಾಗ ಎಷ್ಟಿತ್ತು?"

"ಮೂರು ತಾಸ್ರಿ, ಅತ್ತಿ."

ವ್ಯಾಪಾರ ಕುದುರಿದ ಮೇಲೆ ಎದುರಿನವರ ಮನಸ್ಸಿನಲ್ಲಿ ಎಷ್ಟಿತ್ತೆಂದು ಎಂದೂ ಕೇಳಬೇಡಿ. ಈ ಬುದ್ಧಿಮಾತು ನನಗೆ ದಿನಕ್ಕೆ ಎರಡು ತಾಸಿನಂತೆ ಬಿದ್ದಿದೆ. ನಿಮಗೆ ಬಿಟ್ಟಿ.