ಗೇಟ್ ದಾಟಿದರೆ ಜವಾಬ್ದಾರಿ ಇಲ್ಲ

ಕೆಲವರ ಫಜೀತಿ ನಾಲ್ಕು ಗೋಡೆಗಳ ಒಳಗೆ ನಡೆದು ಅಲ್ಲೇ ಮುಗಿಯುತ್ತದೆ. ನನ್ನದು ಮೊದಲಿಂದಲೂ ನಡುರಸ್ತೆಯಲ್ಲಿ, ನಾಲ್ಕು ಜನರ ಎದುರಿಗೇ ನಡೆಯಬೇಕು. ಹಳೇ ಕಾರು ಕೊಂಡ ಮೇಲಂತೂ ನನ್ನ ಫಜೀತಿಗಳಿಗೆ ಚಕ್ರವೂ ಬಂದು, ಊರೂರು ತಿರುಗತೊಡಗಿದವು.

ನಾನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಬೆಳಿಗ್ಗೆ ಯಲ್ದೂರಿನ ಕಡೆ, ಮಧ್ಯಾಹ್ನ ಗೌನಿಪಲ್ಲಿಯ ಕಡೆ ಹೋಗಿ ಕೇಂದ್ರಗಳನ್ನು ನೋಡಿಬರುವುದು ನನ್ನ ಕೆಲಸ. ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆ ಎಂದು ಡ್ರೈವರಿಗೂ ಗೊತ್ತಿಲ್ಲದ ದಾರಿಗಳವು. ಮಾವಿನಕಾಯಿ ತುಂಬಿದ ಲಗೇಜ್ ಆಟೋದಲ್ಲಿ ಕ್ರೇಟುಗಳ ನಡುವೆ ಕೂತು ಕೂತು ನನ್ನ ಸೀರೆಗಳಿಗೆಲ್ಲ ಸೊನೆ ಕಲೆಯಾಗಿತ್ತು. ಕೊನೆಗೆ ಚೀಟಿ ಎತ್ತಿದ ದುಡ್ಡಿನಲ್ಲಿ ಒಂದು ಕಾರು ತೆಗೆದುಕೊಳ್ಳುತ್ತೇನೆ ಅಂದೆ.

ನಮ್ಮ ಯಜಮಾನರಿಗೆ ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ, ದಿನವೂ ರೈಲಿನ ಓಡಾಟ. ಕಾರಿನ ವಿಷಯ ಅವರಿಗಿಂತ ಮೊದಲು ಅವರ ರೈಲು ಗೆಳೆಯರೆಲ್ಲ ಚರ್ಚೆ ಮಾಡಿ, ಬೇಡವೆಂದು ತೀರ್ಮಾನಿಸಿದ್ದರು. ನಾನು ಬಗ್ಗಲಿಲ್ಲ. ಆಗ ಯಜಮಾನರು ಒಂದು ಷರತ್ತು ಹಾಕಿದರು. "ಆಯುಧಪೂಜೆವರೆಗೂ ನೋಡ್ತೀನಿ. ಅಷ್ಟರಲ್ಲಿ ಒಂದೇ ಒಂದು ಸಲ ಆ ಗಾಡಿ ಹಗ್ಗ ಕಟ್ಟಿಸ್ಕೊಂಡು ಮನೆ ಮುಂದೆ ಬಂತೋ, ಮಾರಿ ಕೈ ತೊಳ್ಕೋಬೇಕು. ನೀನು ಮತ್ತೆ ಬಸ್ಸಲ್ಲೇ ಹೋಗ್ಬೇಕು. ಒಪ್ಪಿಗೆನಾ?"

"ಒಪ್ಪಿಗೆ," ಅಂದೆ.

ಮಾರನೆಯ ದಿನವೇ ಅವರು ಹದಿನೈದು ಅಡಿ ನೈಲಾನ್ ಹಗ್ಗ ತಂದರು. ಇನ್ನೂ ಕಾರೇ ಬಂದಿರಲಿಲ್ಲ!

ನಾಲ್ಕು ನಿಂಬೆಹಣ್ಣು

ಕೋಲಾರದ ರಸ್ತೆಯಲ್ಲಿ, ಒಂದು ಹುಣಸೆಮರದ ಕೆಳಗೆ ಹಳೇ ಕಾರು ಮಾರುವವನೊಬ್ಬನ ಅಂಗಳ. ಬಿಳಿ ಷರಟು, ಕೈಗೆ ಕಡಗ, ಬಾಯಲ್ಲಿ ಬೆಣ್ಣೆ. ನಮಗೆ ಎಟುಕುವ ಬೆಲೆಗೆ ಅಲ್ಲಿದ್ದದ್ದು ಒಂದೇ ಒಂದು ಕೆಂಪು ಕಾರು. ಕೆಂಪು ಅನ್ನುವುದು ಆರ್.ಸಿ. ಪುಸ್ತಕದಲ್ಲಿ. ಬಿಸಿಲಿಗೆ ನಿಂತೂ ನಿಂತೂ ಅದು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ಇಂಜಿನ್ ಸಿಂಹ ಮೇಡಂ, ಸಿಂಹ!" ಅಂದ.

"ಗ್ಯಾರಂಟಿ ಏನಾದ್ರೂ ಕೊಡ್ತೀರಾ?"

ಅವನು ಅಂಗಳದ ಕಬ್ಬಿಣದ ಗೇಟಿನ ಕಡೆ ಕೈ ತೋರಿಸಿದ. "ಆ ಗೇಟ್ ನೋಡಿ ಮೇಡಂ. ಒಳಗಿರೋವರೆಗೂ ನನ್ನ ಜವಾಬ್ದಾರಿ. ಗೇಟ್ ದಾಟಿದರೆ ಜವಾಬ್ದಾರಿ ಇಲ್ಲ. ನಾನು ಬಾಯಿಬಿಟ್ಟು ಹೇಳೋ ಮನುಷ್ಯ, ಆಮೇಲೆ ಮಾತು ಬರಬಾರದು."

ದುಡ್ಡು ಕೊಟ್ಟಾಯಿತು. ನನ್ನ ಜೊತೆ ಬಂದಿದ್ದ ನಮ್ಮತ್ತೆ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದರು. ನಮ್ಮತ್ತೆ ಗೌನಿಪಲ್ಲಿ ಕಡೆಯವರು, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಧೈರ್ಯ ಮಾತ್ರ ಪೂರ್ತಿ. ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಎತ್ತಿ, "ಪೋನಿ" ಅಂದರು. ಹೋಗಲಿ ಎಂದರ್ಥ.

ನಾನು ಗಾಡಿ ಬಿಟ್ಟೆ. ನಾಲ್ಕು ನಿಂಬೆಹಣ್ಣೂ ಪಚಕ್ಕೆಂದು ಅಪ್ಪಚ್ಚಿಯಾದವು. ಸಿಂಹ ಗೇಟಿನವರೆಗೂ ಹೋಯಿತು. ಮುಂದಿನ ಎರಡು ಚಕ್ರ ಗೇಟು ದಾಟಿದವು, ಹಿಂದಿನವು ದಾಟಲಿಲ್ಲ. ಅಲ್ಲೇ ನಿಂತುಬಿಟ್ಟಿತು. ಬೀಗದಕೈ ತಿರುಗಿಸಿದರೆ ಟಿಕ್ ಟಿಕ್ ಅನ್ನುವುದು ಬಿಟ್ಟು ಇನ್ನೊಂದು ಮಾತಿಲ್ಲ.

ಡೀಲರ್ ಬಂದು ನೋಡಿದ. "ಬ್ಯಾಟರಿ ಹೋಗಿದೆ ಮೇಡಂ. ಹೊಸದು ಹಾಕಿಸ್ಕೊಳ್ಳಿ."

"ನೀವು ಹಾಕಿಸಿಕೊಡಿ."

"ಗೇಟ್ ದಾಟಿದೆಯಲ್ಲ ಮೇಡಂ? ಬ್ಯಾಟರಿ ಇರೋದು ಮುಂದಗಡೆ. ಮುಂದಗಡೆ ಆಚೆಗಿದೆ."

ನನಗೆ ಅಳು ಬಂತು. ಮನೆಯಲ್ಲಿ ಆ ನೈಲಾನ್ ಹಗ್ಗ ನನಗಾಗಿ ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅತ್ತೆ ಮುಂದೆ ಬಂದರು.

"ಏನ್ ನಾಯನಾ, ಹಸು ಮಾರಿದ್ದೀಯಾ ಯಾವತ್ತಾದ್ರೂ? ಮೂತಿ ದಾಟಿದ್ರೆ ಹಸು ದಾಟಿದಂಗಾ? ಬಾಲ ಇನ್ನೂ ನಿನ್ ಹಟ್ಟೀಲೇ ಐತಲ್ಲ!"

"ಇದು ಹಸು ಅಲ್ಲಮ್ಮಾ, ಕಾರು."

"ಆಗ್ಲಿ. ನಾವು ಕೂತಿರ್ತೀವಿ. ನೀನೇ ಯೋಚ್ನೆ ಮಾಡು," ಅಂದವರೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಎಲೆ ಅಡಿಕೆಯ ಸಂಚಿ ಬಿಚ್ಚಿದರು.

ಆಗಲೇ ಅವನಿಗೆ ತನ್ನ ಅವಸ್ಥೆ ಅರ್ಥವಾದದ್ದು. ಇರುವುದು ಅದೊಂದೇ ಗೇಟು. ಅದರ ನಡುವೆ ಅರ್ಧ ಒಳಗೆ, ಅರ್ಧ ಹೊರಗೆ ನಮ್ಮ ಗಾಡಿ. ಒಳಗೆ ಇನ್ನೊಬ್ಬ ಗಿರಾಕಿ ಕಾರು ಓಡಿಸಿ ನೋಡಬೇಕೆಂದು ಕಾಯುತ್ತಿದ್ದಾನೆ, ಹೊರಗೆ ಮತ್ತೊಬ್ಬ ಕಾರು ಮಾರಲು ತಂದು ಹಾರನ್ ಹೊಡೆಯುತ್ತಿದ್ದಾನೆ. ಇಬ್ಬರೂ ನಮ್ಮತ್ತೆಯನ್ನು "ಏನಮ್ಮಾ ಸಮಾಚಾರ?" ಎಂದು ಕೇಳುತ್ತಿದ್ದಾರೆ. ಅತ್ತೆ ವಿವರವಾಗಿ, ಎರಡೂ ಭಾಷೆಗಳಲ್ಲಿ ಹೇಳುತ್ತಿದ್ದಾರೆ.

ಎರಡನೇ ಎಲೆ ಮಡಿಸುವಷ್ಟರಲ್ಲಿ ಡೀಲರ್ ಇನ್ನೊಂದು ಕಾರಿನ ಬ್ಯಾಟರಿ ಬಿಚ್ಚಿ ತಂದು ನಮ್ಮದಕ್ಕೆ ಹಾಕಿದ. ಗಾಡಿ ಗರ್ಜಿಸಿತು. ನಾನು ಗೆದ್ದ ಸಂಭ್ರಮದಲ್ಲಿ ಬಾಗಿಲು ತೆಗೆದು, "ಬನ್ನಿ ಅತ್ತೆ, ಕೂತ್ಕೊಳ್ಳಿ," ಅಂದೆ.

"ನಾನಾ? ನಾಲ್ಕು ನಿಂಬೆಹಣ್ಣು ತುಳಿದ್ರೇ ಸುಸ್ತಾಗೋ ಬಂಡಿ ನಾನ್ ಹತ್ತಲ್ಲಮ್ಮಾ," ಅಂದು ನಮ್ಮತ್ತೆ ಬಸ್ಸಿನಲ್ಲಿ ಮನೆಗೆ ಹೋದರು. ನನಗಿಂತ ಮೊದಲೇ ತಲುಪಿದ್ದರು.

ಶಿಷ್ಟಾಚಾರ

ಕಾರಿನ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಒಂದು ವಾರದ ನಂತರ. ಹಿಡಿ ಎಳೆದರೆ ಹಿಡಿಯೇ ಕೈಗೆ ಬರುತ್ತದೆ. ಹೊರಗಿನಿಂದ ಯಾರಾದರೂ ತೆಗೆದರೆ ಮಾತ್ರ ಮುಕ್ತಿ.

ಅದನ್ನು ರಿಪೇರಿ ಮಾಡಿಸುವ ಮೊದಲೇ ನಮ್ಮ ಮೇಲಧಿಕಾರಿ ಮೇಡಂ, "ನಾಳೆ ನಿಮ್ಮ ಗಾಡೀಲೇ ಬರ್ತೀನಿ. ದಿಢೀರ್ ತಪಾಸಣೆ. ಯಾರಿಗೂ ಹೇಳಕೂಡದು," ಅಂದರು. ಅವರು ಬಲು ಕೋಪಿಷ್ಠೆ. ನನ್ನ ಕಾರಿನಲ್ಲಿ ಬಂದಿಯಾದರೆ ಅವರ ಕೋಪ ಯಾರ ಮೇಲೆ ಎಂದು ಬೇರೆ ಹೇಳಬೇಕಾಗಿಲ್ಲ.

ತಪಾಸಣೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ, ದೇವರಾಣೆ. ಪ್ರತಿ ಕೇಂದ್ರದ ಕಾರ್ಯಕರ್ತೆಗೂ ಫೋನು ಮಾಡಿ ಹೇಳಿದ್ದು ಇಷ್ಟೇ: "ನಾಳೆ ನನ್ನ ಕಾರು ಬಂದು ನಿಂತ ತಕ್ಷಣ ಓಡಿ ಬಂದು ಎಡಗಡೆ ಬಾಗಿಲು ತೆಗೀಬೇಕು. ಯಾಕೆ ಅಂತ ಕೇಳ್ಬೇಡಿ."

ಮೊದಲನೇ ಕೇಂದ್ರದಲ್ಲಿ ಕಾರು ನಿಲ್ಲುವ ಮೊದಲೇ ಕಾರ್ಯಕರ್ತೆ ಓಡಿ ಬಂದು ಬಾಗಿಲು ತೆಗೆದಳು. ಮೇಡಂ ಮುಖ ಸ್ವಲ್ಪ ಸಡಿಲವಾಯಿತು. ಎರಡನೆಯದರಲ್ಲಿ ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಓಡಿ ಬಂದರು. ಮೂರನೆಯದರಲ್ಲಿ ಮಕ್ಕಳೂ ಸಾಲಾಗಿ ನಿಂತಿದ್ದವು. ಮೇಡಂ ನಗುತ್ತಲೇ ಇಳಿದರು. ತೂಕದ ಯಂತ್ರದ ಮೇಲೆ ಬೆಲ್ಲದ ಡಬ್ಬಿ ಇಟ್ಟಿದ್ದನ್ನೂ ಅವರು ಗಮನಿಸಲಿಲ್ಲ.

ಸಂಜೆ ಅವರನ್ನು ಅವರ ಮನೆಯ ಹತ್ತಿರ ಬಿಟ್ಟಾಗ ಬಾಗಿಲು ತೆಗೆಯಲು ಯಾರೂ ಇರಲಿಲ್ಲ. ಆದರೆ ಮೇಡಮ್ಮಿಗೆ ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಹಿಡಿಗೆ ಕೈಯೇ ಹಾಕದೆ, ಕೈ ಕಟ್ಟಿ ಗತ್ತಿನಲ್ಲಿ ಕೂತಿದ್ದರು. ನಾನೇ ಸುತ್ತು ಹಾಕಿ ಓಡಿ ಹೋಗಿ ತೆಗೆದೆ.

ಮುಂದಿನ ಸಭೆಯಲ್ಲಿ ಅವರು ಎಲ್ಲರ ಎದುರು ಹೇಳಿದರು: "ದೊಡ್ಡವರು ಬಂದಾಗ ಹೇಗೆ ನಡ್ಕೋಬೇಕು ಅನ್ನೋದನ್ನ ಈಯಮ್ಮನ ಕೇಂದ್ರಗಳನ್ನ ನೋಡಿ ಕಲೀರಿ." ನನಗೆ ಚಪ್ಪಾಳೆ ಬಿತ್ತು. ಆಮೇಲೆ ಆ ಬಾಗಿಲನ್ನು ರಿಪೇರಿ ಮಾಡಿಸಲು ನನಗೇ ಮನಸ್ಸು ಬರಲಿಲ್ಲ.

ಬುತ್ತಿ

ಗೌನಿಪಲ್ಲಿಯಿಂದ ಬರುವಾಗ ಒಂದು ಏರಿನಲ್ಲಿ ಗಾಡಿ ನಿಂತಿತು. ಹಿಂದೆಯೇ ಟೊಮೆಟೊ ಕ್ರೇಟು ತುಂಬಿದ ಟ್ರಾಕ್ಟರ್. ಅದರ ಯಜಮಾನ ಒಳ್ಳೆಯವನು, ಕೇಳುವ ಮೊದಲೇ ಇಳಿದ.

"ಹಗ್ಗ ಇದೆಯಾ ಅಕ್ಕಾ?"

ಇತ್ತು. ನಮ್ಮ ಯಜಮಾನರು ಆ ಹಗ್ಗವನ್ನು "ಬೇಕಾಗುತ್ತೆ, ಇಟ್ಕೋ" ಎಂದು ನಗುತ್ತಾ ಡಿಕ್ಕಿಯಲ್ಲಿ ಹಾಕಿಟ್ಟಿದ್ದರು. ನಾನು "ಇಲ್ಲಣ್ಣಾ" ಎಂದು ಹಸಿ ಹಸಿ ಸುಳ್ಳು ಹೇಳಿದೆ. ಷರತ್ತು ಇದ್ದದ್ದು ಎಳೆಸಿಕೊಳ್ಳುವುದರ ಬಗ್ಗೆ, ತಳ್ಳಿಸಿಕೊಳ್ಳುವುದರ ಬಗ್ಗೆ ಅಲ್ಲ.

ಹೊಲದಲ್ಲಿ ಕಳೆ ಕೀಳುತ್ತಿದ್ದ ಮೂವರು ಹೆಂಗಸರು ಆಗಷ್ಟೇ ಊಟಕ್ಕೆ ಎದ್ದಿದ್ದರು. ಕರೆದೆ. ಕೈ ಖಾಲಿ ಇರಲಿ ಎಂದು ಬುತ್ತಿಗಳನ್ನು ಕಿಟಕಿಯಿಂದ ಹಿಂದಿನ ಸೀಟಿನ ಮೇಲಿಟ್ಟು, ಸೆರಗು ಸಿಕ್ಕಿಸಿ, "ಐಸಾ" ಎಂದು ಟ್ರಾಕ್ಟರಿನವನ ಜೊತೆ ಸೇರಿ ಏರಿನ ಆಚೆಗೆ ತಳ್ಳಿದರು. ಇಳಿಜಾರಿನಲ್ಲಿ ಗಾಡಿ ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಆರುತ್ತದೆ ಎಂದು ಹಾಗೇ ಬಿಟ್ಟೆ. ಹಿಂದೆ ಮೂವರೂ ಕೈ ಬೀಸುತ್ತಾ, ಕೂಗುತ್ತಾ ಓಡಿ ಬರುತ್ತಿದ್ದುದು ಕನ್ನಡಿಯಲ್ಲಿ ಕಾಣಿಸಿತು. ಎಂಥ ಒಳ್ಳೇ ಜನ, ಇಷ್ಟು ದೂರ ಕಳಿಸಿಕೊಡಲು ಬರುತ್ತಿದ್ದಾರಲ್ಲ ಎಂದು ಕಣ್ಣು ತುಂಬಿತು. ನಾನೂ ಕೈ ಬೀಸಿದೆ.

ಮನೆಗೆ ಬಂದು ಹಿಂದಿನ ಬಾಗಿಲು ತೆಗೆದರೆ ಮೂರು ಬುತ್ತಿ. ಒಳಗೆ ಮುದ್ದೆ, ಬಸ್ಸಾರು, ಒಂದರಲ್ಲಿ ಉಪ್ಪಿನಕಾಯಿ ಕೂಡ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಮಾರನೆಯ ದಿನ ಮೂರಕ್ಕೂ ಹೋಳಿಗೆ ತುಂಬಿಕೊಂಡು ಹೋಗಿ, ಕೈ ಮುಗಿದು ಕೊಟ್ಟು ಬಂದೆ.

ಈಗ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಮೂವರೂ ಹೊಲದಿಂದಲೇ ಕೂಗುತ್ತಾರೆ: "ಅಕ್ಕಾ, ಇವತ್ತು ಗಾಡಿ ನಿಲ್ಲಲ್ವಾ?"

ಹಗ್ಗ

ಹೀಗೆ ತಳ್ಳಿಸಿಕೊಂಡು, ರಿಪೇರಿ ಮಾಡಿಸಿಕೊಂಡು, ಬೈದು, ಮುದ್ದು ಮಾಡಿ ಆಯುಧಪೂಜೆಯ ಹಿಂದಿನ ದಿನದವರೆಗೂ ತಂದೆ. ಮೆಕ್ಯಾನಿಕ್ ಒಂದೊಂದೇ ಬದಲಾಯಿಸಿದ್ದರಿಂದ ಅಷ್ಟು ಹೊತ್ತಿಗೆ ಇಂಜಿನ್ ನಿಜವಾಗಿಯೂ ಸಿಂಹವಾಗಿತ್ತು. ಇನ್ನೊಂದು ದಿನ ಕಳೆದರೆ ಗಾಡಿ ನನ್ನದು.

ಮುಳಬಾಗಿಲಿನಲ್ಲಿ ಮೀಟಿಂಗ್ ಮುಗಿಸಿ ಮಧ್ಯಾಹ್ನ ಬರುತ್ತಿದ್ದೆ. ರಸ್ತೆಯ ಪಕ್ಕದಲ್ಲಿ ಥಳಥಳ ಹೊಳೆಯುವ ಬಿಳಿ ಕಾರು, ಬಾನೆಟ್ ಎತ್ತಿದೆ. ಪಕ್ಕದಲ್ಲಿ ಬಿಳಿ ಷರಟು, ಕೈಗೆ ಕಡಗ. ನಮ್ಮ ಡೀಲರ್! ಬೆವರಿನಲ್ಲಿ ತೊಯ್ದುಹೋಗಿದ್ದ.

"ಮೇಡಂ, ದೇವರು ಬಂದಂಗೆ ಬಂದ್ರಿ. ಒಂದು ಗಂಟೆಯಿಂದ ನಿಂತಿದ್ದೀನಿ. ಒಂದು ಟ್ರಾಕ್ಟರ್ ಇಲ್ಲ, ಎಲ್ರೂ ಹಬ್ಬಕ್ಕೆ ತೊಳೆಯೋಕೆ ನಿಲ್ಲಿಸಿದ್ದಾರೆ."

ನಾನು ಡಿಕ್ಕಿ ತೆಗೆದು ಹದಿನೈದು ಅಡಿ ನೈಲಾನ್ ಹಗ್ಗ ಹೊರಗೆ ತೆಗೆದೆ. ಅವನು ನನ್ನ ಗಾಡಿ ನೋಡಿದ, ಹಗ್ಗ ನೋಡಿದ, ಮತ್ತೆ ಗಾಡಿ ನೋಡಿದ.

"ಇದು ಎಳೆಯುತ್ತಾ ಮೇಡಂ?"

"ನೀವೇ ಹೇಳಿದ್ರಲ್ಲ, ಇಂಜಿನ್ ಸಿಂಹ ಅಂತ?"

"ಅದು ಮಾರೋವಾಗ ಹೇಳೋ ಮಾತು ಮೇಡಂ!"

ಎಳೆಯಿತು. ಫಸ್ಟ್ ಗೇರಿನಲ್ಲಿ, ಸೆಕೆಂಡ್ ಗೇರಿನಲ್ಲಿ, ಆಮೆಯ ಹಾಗೆ, ಆದರೂ ಎಳೆಯಿತು. ಮೆಕ್ಯಾನಿಕ್ ಅಂಗಡಿಗೆ ನಮ್ಮ ಬೀದಿ ದಾಟಿಯೇ ಹೋಗಬೇಕು. ನಮ್ಮ ಬೀದಿಯ ತಿರುವಿನಲ್ಲಿದ್ದ ಪಕ್ಕದ ಮನೆಯಾಕೆಗೆ ಹಗ್ಗ ಮಾತ್ರ ಕಂಡಿತು. ಷರತ್ತಿನ ವಿಷಯ ಬೀದಿಗೆಲ್ಲ ಗೊತ್ತಲ್ಲ, "ಹಗ್ಗ ಕಟ್ಕೊಂಡು ಬಂತು! ನಿಮ್ಮನೆ ಗಾಡಿ ಹಗ್ಗ ಕಟ್ಕೊಂಡು ಬಂತು!" ಎಂದು ಕೂಗಿಕೊಂಡು ನಮ್ಮ ಮನೆಗೆ ಓಡಿದಳು.

ಬೈಕು ತೊಳೆಯುತ್ತಿದ್ದ ಯಜಮಾನರು ಲುಂಗಿ ಎತ್ತಿ ಕಟ್ಟಿ, ರೈಲು ಗೆಳೆಯನಿಗೆ ಫೋನು ಹಚ್ಚಿಕೊಂಡೇ ಹೊರಗೆ ಬಂದರು. "ಗೆದ್ದೆ ಕಣೋ! ನಾನು ಹೇಳಿರ್ಲಿಲ್ವಾ?..." ಅಂದವರು ಅಲ್ಲೇ ನಿಂತರು. ಮುಂದೆ ನಾನು. ಹಿಂದೆ ಹಗ್ಗ. ಹಗ್ಗದ ಹಿಂದೆ ಬಿಳಿ ಕಾರು, ಅದರಲ್ಲಿ ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿ ಕೂತ ಡೀಲರ್. ಫೋನಿನಲ್ಲಿ ಆ ಕಡೆಯವನು "ಹಲೋ, ಹಲೋ" ಅನ್ನುತ್ತಲೇ ಇದ್ದ.

"ಹಗ್ಗ ಅಂದ್ರೆ ಹಗ್ಗಾನೇ," ಯಜಮಾನರು ಕೊನೆಯ ಪ್ರಯತ್ನ ಮಾಡಿದರು. "ಯಾವ ಕಡೆಗೆ ಅಂತ ಮಾತಾಗಿರ್ಲಿಲ್ಲ."

ನಮ್ಮತ್ತೆ ಜಗಲಿಯಿಂದಲೇ ತೀರ್ಪು ಕೊಟ್ಟರು: "ಎತ್ತು ಯಾವ್ದು, ಬಂಡಿ ಯಾವ್ದು ಗೊತ್ತಾಗಲ್ವೇನ್ಲಾ ನಿಂಗೆ? ಮುಂದಿರೋದು ಎತ್ತು. ನಿನ್ ಹೆಂಡ್ತಿ ಗೆದ್ದವ್ಳೆ, ಒಳಗೋಗಿ ಕಾಫಿ ಇಡು."

ಬೀದಿಯವರೆಲ್ಲ ನಕ್ಕರು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಗೆ ಅಡ್ಡವಾಗದಂತೆ ಎರಡೂ ಗಾಡಿಗಳನ್ನು ನಮ್ಮ ಕಾಂಪೌಂಡಿನ ಒಳಗೆ ತಂದು ನಿಲ್ಲಿಸಿದೆವು. ಯಜಮಾನರು ಇಟ್ಟ ಕಾಫಿ ಕುಡಿಯುತ್ತಾ ಡೀಲರ್ ತನ್ನ ಕಷ್ಟ ತೋಡಿಕೊಂಡ. "ಸ್ವಂತಕ್ಕೆ ಅಂತ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ ಮೇಡಂ. ಮೂರನೇ ದಿನಕ್ಕೆ ಹಿಂಗಾಯ್ತು. ಫೋನ್ ಮಾಡಿದ್ರೆ, ಗೇಟ್ ದಾಟಿದ್ಮೇಲೆ ನಮ್ದೇನಿಲ್ಲ ಅಂತಾರೆ. ಲೋಕದಲ್ಲಿ ಎಂಥೆಂಥ ಮೋಸಗಾರ್ರು ಇರ್ತಾರೆ ನೋಡಿ!"

ಯಾರೂ ನಗಲಿಲ್ಲ. ನಗು ತಡೆಯಲು ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ, ಅಷ್ಟೆ.

ಅವನನ್ನು ಮೆಕ್ಯಾನಿಕ್ ಅಂಗಡಿಯವರೆಗೂ ಎಳೆದು ಬಿಡಬೇಕಿತ್ತು. ನಾನು ಬೀಗದಕೈ ತೆಗೆದುಕೊಂಡು ಹೊರಟರೆ, ಅಷ್ಟು ತಿಂಗಳು ಆ ಗಾಡಿಯನ್ನು ಮುಟ್ಟದಿದ್ದ ನಮ್ಮತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಎಲೆ ಅಡಿಕೆಯ ಸಂಚಿ ಸಮೇತ ಬಂದು ನನ್ನ ಪಕ್ಕದಲ್ಲಿ ಕೂತರು. ನನಗೆ ಕಾರು ಗೆದ್ದದ್ದಕ್ಕಿಂತ ಅದೇ ದೊಡ್ಡದು ಅನ್ನಿಸಿತು.

ಡೀಲರ್ ಹಗ್ಗದ ಗಂಟು ಎಳೆದು ನೋಡಿ, ಕಿಟಕಿಯ ಹತ್ತಿರ ಬಂದು ಅಳುಕುತ್ತಾ ಕೇಳಿದ, "ಅಲ್ಲಿವರೆಗೂ ಗ್ಯಾರಂಟಿಯಾಗಿ ತಲುಪುತ್ತೆ ಅಲ್ವಾ ಅಮ್ಮಾ?"

ಅತ್ತೆ ನಮ್ಮ ಮನೆಯ ಕಾಂಪೌಂಡಿನ ಕಡೆ ಕೈ ತೋರಿಸಿದರು.

"ಆ ಗೇಟ್ ನೋಡು ನಾಯನಾ," ಅಂದರು. "ದಾಟೋವರೆಗೂ ನಮ್ಮ ಜವಾಬ್ದಾರಿ."