ಬಾಗಿಲಕ್ಕನ ನಿಲುವಂಗಿ

ನನ್ನ ಸಂಸಾರ ಕೆಡಿಸಿದವಳು ಲೋಕದಲ್ಲಿ ಎಲ್ಲೂ ಇಲ್ಲದ ಒಬ್ಬ ಹೆಂಗಸು. ಹೀಗೆ ಅಂದರೆ ನಗುತ್ತೀರಿ. ನಗಿ. ನಾನು ಟೀವಿ ಧಾರಾವಾಹಿಗಳಿಗೆ ಉಡುಪು ಹೊಲಿಯುವ ದರ್ಜಿ. ನನ್ನನ್ನು ನೋಡಿ ನಗುವುದು ಜನಕ್ಕೆ ಅಭ್ಯಾಸವಾಗಿದೆ.

ನನ್ನವಳು ಆಸ್ಪತ್ರೆಯಲ್ಲಿ ಟೋಕನ್ ಕೊಡುವವಳು. ದಿನವಿಡೀ ಕಿಟಕಿಯ ಹಿಂದೆ ಕೂತು "ಸಾಲಲ್ಲಿ ಬನ್ನಿ, ಸಾಲಲ್ಲಿ ಬನ್ನಿ" ಎಂದು ಕೂಗಿ, ಸಂಜೆ ಮನೆಗೆ ಬಂದು, ಊದಿದ ಮಂಡಿಗೆ ಎಣ್ಣೆ ಹಚ್ಚಿಕೊಂಡು ಪುಸ್ತಕ ಬಿಚ್ಚುತ್ತಾಳೆ. ಮಾಯಾಲೋಕದ ಕಾದಂಬರಿ, ನಾಲ್ಕು ಸಂಪುಟ, ಒಂದೊಂದೂ ಇಟ್ಟಿಗೆ ಗಾತ್ರ. (ಇಸ್ತ್ರಿ ಪೆಟ್ಟಿಗೆ ಕೆಟ್ಟ ದಿನ ಪ್ಯಾಂಟಿನ ಮಡಿಕೆ ಕೂರಿಸಲು ಎರಡನೆಯದನ್ನು ಬಳಸಿದ್ದೇನೆ; ಅವಳಿಗೆ ಹೇಳಬೇಡಿ.) ಅದರಲ್ಲಿ ಬರುವ ಬಾಗಿಲಕ್ಕ ಎಂದರೆ ಅವಳಿಗೆ ಪ್ರಾಣ. ಕೋಟೆಬಾಗಿಲು ಕಾಯುವ ದಪ್ಪನೆಯ ಹೆಂಗಸು. ಐವತ್ತು ದಾಟಿದೆ, ಕುಂಟುತ್ತಾಳೆ. ತೇಪೆ ಹಾಕಿದ ದೊಡ್ಡ ನಿಲುವಂಗಿಯ ಜೇಬುಗಳಲ್ಲಿ ಬೀಗದಕೈಯಿಂದ ಹಿಡಿದು ಹಸಿದ ಸೈನಿಕರಿಗೆ ಕೊಡುವ ತಿಂಡಿಯವರೆಗೆ ಎಲ್ಲ ಇಟ್ಟುಕೊಂಡಿರುತ್ತಾಳೆ. ಶತ್ರುಗಳು ನುಗ್ಗಿದಾಗ ರಾಜಕುಮಾರರೆಲ್ಲ ಕಾಲಿಗೆ ಬುದ್ಧಿ ಹೇಳಿದರೆ, ರಾಜ್ಯ ಉಳಿಸುವವಳು ಇವಳೇ.

ಆ ಕಾದಂಬರಿ ನಮ್ಮ ಸ್ಟುಡಿಯೋದಲ್ಲೇ ಧಾರಾವಾಹಿಯಾಗುತ್ತದೆ ಎಂದು ಗೊತ್ತಾದ ದಿನ ನಾನೇ ಓಡೋಡಿ ಬಂದು ಹೇಳಿದೆ. (ಬಾಯಿ ಸುಮ್ಮನಿರಲಾರದ ಜನ್ಮ.)

"ಬಾಗಿಲಕ್ಕನ ಉಡುಪೂ ನೀವೇ ಹೊಲಿಯೋದಾ?"

"ಹೂಂ. ಅಳತೆನೂ ಬಂತು. ಸೊಂಟ ಇಪ್ಪತ್ತನಾಲ್ಕು."

"ಇಪ್ಪತ್ತನಾಲ್ಕಾ? ಒಂದು ತೊಡೇದು ಇರ್ಬೇಕು, ಸರಿಯಾಗಿ ನೋಡಿ."

"ಪೂರ್ತಿ ಸೊಂಟದ್ದೇ ಕಣೇ. ಎಳೇ ಹುಡುಗಿ. ಕತ್ತಿ ಬೀಸ್ತಾಳೆ, ಕುದುರೆ ಹತ್ತುತ್ತಾಳೆ. ಕುಂಟೋದನ್ನ ತೆಗೆದುಬಿಟ್ರು, ಜನ ನೋಡಲ್ವಂತೆ."

ಜಗಳಕ್ಕೆ ಸಿದ್ಧನಾಗಿ ನಿಂತೆ. ಜಗಳ ಬರಲಿಲ್ಲ. ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಮಂಡಿ ನೋವಿರೋಳು ಒಬ್ಬಳಾದ್ರೂ ಕಥೇಲಿ ಎಲ್ಲರಿಗೂ ಬೇಕಾದವಳಾಗಿದ್ದಾಳಲ್ಲ ಅಂತ ಓದ್ತಿದ್ದೆ ಕಣ್ರೀ. ಅವಳನ್ನೂ ತೆಗೆದುಹಾಕಿದ್ರಾ?"

ನಿಂತ ನಿಲುವಿನಲ್ಲೇ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ: "ನೀನೇನೂ ಯೋಚ್ನೆ ಮಾಡ್ಬೇಡ. ಕಥೆ ಅವರ ಕೈಲಿರಬಹುದು, ಕತ್ತರಿ ನನ್ನ ಕೈಲಿದೆ. ನಿನ್ನ ಬಾಗಿಲಕ್ಕನ್ನ ಟೀವೀಲಿ ತೋರಿಸ್ತೀನಿ."

ಅವಳು ಓದಿದಳು, ನಾನು ಕತ್ತರಿಸಿದೆ. "ತೇಪೆ ಬೆನ್ನ ಮೇಲೂ ಬೇಕು ರೀ." "ಇನ್ನೊಂದು ಜೇಬು." "ಇನ್ನೂ ಎಷ್ಟೇ ಮಾರಾಯ್ತಿ?" "ಪುಸ್ತಕದಲ್ಲಿದೆ, ನಾನೇನು ಮಾಡ್ಲಿ!" ಮೈ ತುಂಬಿ ಕಾಣಲೆಂದು ಲೈನಿಂಗ್ ಒಳಗೆ ಹತ್ತಿ ತುರುಕಿದೆ. ಅಳತೆ ಮಾತ್ರ ಪುಸ್ತಕದಲ್ಲಿ ಇರಲಿಲ್ಲ. "ನನ್ನದೇ ತಗೊಳ್ಳಿ" ಎಂದು ನಾಚಿಕೊಂಡು ಕೈ ಎತ್ತಿ ನಿಂತಳು. ಮದುವೆಯ ಹೊಸತರಲ್ಲೂ ಅವಳನ್ನು ಅಷ್ಟು ಖುಷಿಯಾಗಿ ನೋಡಿದ ನೆನಪಿಲ್ಲ.

ಸೆಟ್ಟಿನಲ್ಲಿ ನಟೀಮಣಿ ಅದನ್ನು ತೊಟ್ಟಳು. ತೊಟ್ಟಳು ಅನ್ನುವುದಕ್ಕಿಂತ ಅದರೊಳಗೆ ಕಾಣೆಯಾದಳು ಅನ್ನಬೇಕು. ಕತ್ತಿ ಎತ್ತಲು ಹೋದರೆ ತೋಳೇ ಸಿಗಲಿಲ್ಲ. ಕುದುರೆ ಏರಲು ಹೋಗಿ, ಮುಗ್ಗರಿಸಿ, ಕೋಟೆಬಾಗಿಲಿಗೆ ಡಿಕ್ಕಿ ಹೊಡೆದಳು. ಬಾಗಿಲು ಥರ್ಮಾಕೋಲಿನದು, ಬಿತ್ತು.

"ಈ ಗುಡಾರ ಹೊಲಿದವನು ಯಾರು?" ಎಂದು ನಿರ್ದೇಶಕರು ಗುಡುಗಿದರು.

"ಪುಸ್ತಕದಲ್ಲಿ ಹೀಗೇ ಇದೆ ಸಾರ್."

"ಪುಸ್ತಕ ಯಾರ್ರೀ ನೋಡ್ತಾರೆ!" ಎಂದವರು ನಿಲುವಂಗಿಯ ಸುತ್ತ ಒಂದು ಸುತ್ತು ಬಂದರು. ಮುಖ ಅರಳಿತು. "ಆದ್ರೆ ರಾಕ್ಷಸಿಗೆ ಹೇಳಿ ಮಾಡಿಸಿದ ಹಾಗಿದೆ. ಕಥೆಗೆ ಒಂದು ರಾಕ್ಷಸಿ ಸೇರಿಸೋಣ. ಅಂದ ಹಾಗೆ, ಈ ಅಳತೆ ಯಾರದ್ರೀ?"

ಇಡೀ ಸೆಟ್ಟು ನನ್ನನ್ನೇ ನೋಡಿತು. ಲೈಟಿನವರು ಆಗಲೇ ಕಿಸಕಿಸ ಶುರು ಮಾಡಿದ್ದರು. ಕಟ್ಟಿಕೊಂಡವಳದು ಎಂದು ಯಾವ ಬಾಯಲ್ಲಿ ಹೇಳಲಿ?

"ನನ್ನದೇ ಸಾರ್" ಎಂದೆ.

"ಹಾಗಾದ್ರೆ ನೀವೇ ಹಾಕ್ಕೊಳ್ಳಿ!"

ಹತ್ತಿಯ ಕೃಪೆಯಿಂದ ಸಣಕಲನಾದ ನಾನೂ ರಾಕ್ಷಸಿಯಾದೆ. ಕೋರೆಹಲ್ಲು ಕಟ್ಟಿದರು, ಮುಖಕ್ಕೆ ಹಸಿರು ಬಳಿದರು. ನಾನು ಗರ್ಜಿಸಿದೆ, ಬಾಗಿಲಕ್ಕನ ಪಾತ್ರದ ಆ ಹುಡುಗಿ ನನ್ನನ್ನು ಒಂದೇ ಏಟಿಗೆ ಕೊಂದಳು. (ಆ ಒಂದೇ ಏಟು ಸರಿಬರುವವರೆಗೆ ಮತ್ತೆ ಮತ್ತೆ ಕೊಂದಳು.)

ಮನೆಯಲ್ಲಿ ಹೇಳಬೇಕಿತ್ತು. ದಿನಾ ಸಂಜೆ ಹೇಳೋಣವೆಂದು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅವಳು "ಅಂಗಿ ಒಪ್ಪಿತಾ ರೀ?" ಅನ್ನುತ್ತಿದ್ದಳು. "ಹೇಳಿ ಮಾಡಿಸಿದ ಹಾಗಿದೆ ಅಂದ್ರು" ಅನ್ನುತ್ತಿದ್ದೆ. ಸುಳ್ಳಂತೂ ಅಲ್ಲ.

ಪ್ರಸಾರದ ದಿನ ಆಸ್ಪತ್ರೆಯ ಗೆಳತಿಯರೆಲ್ಲ ನಮ್ಮ ಮನೆಯಲ್ಲೇ. ಅವಳು ಹೊಸ ಸೀರೆ ಉಟ್ಟಿದ್ದಳು. ತೆರೆಯ ಮೇಲೆ ಮಂಜು, ಮಂಜಿನೊಳಗೆ ಒಂದು ಬೆನ್ನು, ಬೆನ್ನ ಮೇಲೆ ತೇಪೆ.

"ಬಂದ್ಲು! ನೋಡ್ರೇ, ಅವಳೇ ನನ್ನ ಬಾಗಿಲಕ್ಕ! ಅಳತೆ ನಂದೇ!" ಎಂದು ಚಪ್ಪಾಳೆ ತಟ್ಟಿದಳು.

ನಿಲುವಂಗಿ ತಿರುಗಿತು. ಕೋರೆಹಲ್ಲು ಕಂಡಿತು.

ಗೆಳತಿಯರು ತೆರೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಒಬ್ಬಳಿಗೆ ಕೆಮ್ಮು ಬಂತು. ಅಷ್ಟರಲ್ಲಿ ಇಪ್ಪತ್ತನಾಲ್ಕು ಸೊಂಟದ ಬಾಗಿಲಕ್ಕ ಕುದುರೆಯಿಂದ ಹಾರಿ ಬಂದು ಕತ್ತಿ ಬೀಸಿದಳು. "ಸದ್ಯ, ಸತ್ಲು" ಎಂದರು ಗೆಳತಿಯರಲ್ಲೊಬ್ಬ ನರ್ಸಮ್ಮ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಎಲ್ಲರೂ ಹೋದರು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬೀಳೋವಾಗ ಸೊಂಟ ಹಿಡ್ಕೊಂಡಿದ್ದು, ದಿನಾ ಹೊಲಿಗೆ ಮಿಷನ್ ಬಿಟ್ಟು ಏಳೋವಾಗ ಹಿಡ್ಕೊಳ್ಳೋ ಹಾಗೇ..." ಎಂದಳು ನಿಧಾನವಾಗಿ. "ಅದು ನೀವೇ ತಾನೇ?"

ತಲೆ ತಗ್ಗಿಸಿದೆ. ಸೆಟ್ಟಿನ ನಗು, ಅಳತೆಯ ಪ್ರಶ್ನೆ, ಎಲ್ಲ ಹೇಳಿದೆ. "ನಿನ್ನ ಮರ್ಯಾದೆ ಉಳಿಸೋಕೆ ಹೋದೆ ಕಣೇ. ತಪ್ಪಾಯ್ತು."

"ಗೊತ್ತಾಯ್ತು ಬಿಡಿ" ಎಂದಳು. ಸಿಟ್ಟಿರಲಿಲ್ಲ, ಅದೇ ನನಗೆ ಸಂಕಟ. ಅವಳು ಎದ್ದು ಪುಸ್ತಕ ತಂದು ಬಿಚ್ಚಿದಳು, ಒಂದು ಪುಟವನ್ನು ಸ್ವಲ್ಪ ಹೊತ್ತು ನೋಡಿ ಮುಚ್ಚಿದಳು. ನಾಲ್ಕೂ ಸಂಪುಟಗಳನ್ನು ಬೀರುವಿನೊಳಗೆ ಹಿಂದಕ್ಕೆ ತಳ್ಳಿದಳು.

"ಯಾಕೇ, ಓದಲ್ವಾ?"

"ಹೇಗ್ರೀ ಓದ್ಲಿ? ಇನ್ಮೇಲೆ ಬಾಗಿಲಕ್ಕ ಬರೋ ಪುಟ ತೆಗೆದ್ರೆ ನೀವೇ ಬರ್ತೀರಿ. ಕೋರೆಹಲ್ಲು ಕಟ್ಕೊಂಡು."