ಮುಚ್ಚಳ ತೆಗೆಯಬೇಡಿ ಎಂದ ಹೊಗೆಯಂತ್ರಕ್ಕೆ

ಗಲ್ಫಿನ ಮುಸಫ್ಫಾದ ನನ್ನ ಬಾಡಿಗೆ ಮನೆಯ ಹಿತ್ತಿಲಲ್ಲಿ ನಾಲ್ಕು ಕಾಲೂರಿ ವಿರಾಜಮಾನರಾಗಿರುವ, ಮಾಂಸಕ್ಕೆ ಹೊಗೆಯನ್ನೂ ಮನುಷ್ಯರಿಗೆ ಬುದ್ಧಿಯನ್ನೂ ಕೊಡುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ಶನಿವಾರ ಎಂಟು ಗಂಟೆ ಕಾಲ ತಮ್ಮ ಹೊಟ್ಟೆಯಲ್ಲಿ ಕೂತಿದ್ದ ಐದು ಕಿಲೋ ದನದ ಪಕ್ಕೆಲುಬೂ ಬೇಯದೆ ಕ್ಷೇಮವಾಗಿಯೇ ಇತ್ತು.

ಅಂದು ಯಾರಿಗಾಗಿ ತಮ್ಮನ್ನು ಹೊತ್ತಿಸಿದೆ ಎಂಬುದನ್ನು ತಾವು ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಬಜ್ಪೆ ಕಡೆಯ ಮದುವೆಗಳಿಗೆ ನಲವತ್ತು ವರ್ಷ ಅಡುಗೆ ಮಾಡಿದ ಅಲೆಕ್ಸಾಂಡರ್ ಮಾಮ, ನನ್ನ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು, ತನ್ನ ಪಾಲಿನ ಊಟವನ್ನು ಬಾಳೆಲೆಯಲ್ಲಿ ಕಟ್ಟಿ ನನಗೆ ತಂದವರು. ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ವಿಮಾನ ಅಂದು ಸಂಜೆ. ಎಪ್ಪತ್ತೆಂಟರ ಮಾಮ ಮತ್ತೊಮ್ಮೆ ಬರುವುದು ಅಷ್ಟರಲ್ಲೇ ಇದೆ. ಒಂದೇ ಒಂದು ಸಲ ಅವರನ್ನು ಕೂರಿಸಿ, ನಾನು ಬೇಯಿಸಿದ್ದನ್ನು ಬಡಿಸಬೇಕೆಂಬ ಆಸೆ ನನಗಿತ್ತು.

ಬೆಳಿಗ್ಗೆ ಐದಕ್ಕೇ ಮಾಂಸ ಒಳಗಿಟ್ಟೆ. ಬ್ಯಾಡಗಿ ಮೆಣಸು, ಬಾಫಾತ್ ಪುಡಿ, ಬೆಲ್ಲ, ವಿನೆಗರ್ ಹಾಕಿ ಖಾರದ ಬಾರ್ಬೆಕ್ಯೂ ಸಾಸ್ ಕುದಿಸಿದೆ. ಮಧ್ಯಾಹ್ನ ಒಂದಕ್ಕೆ ಊಟ ಸಿದ್ಧವೆಂದು ತಾವು ಮೊಬೈಲಿನಲ್ಲಿ ಮಾತು ಕೊಟ್ಟಿರಿ. ಆದರೆ ನಮ್ಮ ಕಡೆ ಅಡುಗೆಯ ಹತ್ತಿರ ಬಂದವರು ಮುಚ್ಚಳ ಎತ್ತಿ ಮೂಸಿ ನೋಡದಿದ್ದರೆ ಅಡುಗೆಯವನಿಗೆ ಅವಮಾನ ಎಂಬುದು ತಮಗೆ ಗೊತ್ತಿರಲಿಲ್ಲ. ಮಾಮ ಏಳು ಸಲ ಎತ್ತಿದರು. ಪಕ್ಕದ ಮನೆಯ ನೌಶಾದ್ ಎತ್ತಿ "ಮಾಶಾಅಲ್ಲಾ" ಎಂದರು. ಇವರೆಲ್ಲ ಏನು ನೋಡುತ್ತಿದ್ದಾರೆಂದು ನೋಡಲು ನನ್ನ ಹೆಂಡತಿ ಶರ್ಮಿಳಾ ಎತ್ತಿದಳು. ಪ್ರೀತಿಯಿಂದ ಎತ್ತಿದ ಒಂದೊಂದು ಸಲಕ್ಕೂ, ಬಿಸಿ ಹೊರಹೋಯಿತೆಂದು ತಾವು ಇಪ್ಪತ್ತು ನಿಮಿಷ ದಂಡ ಹಾಕಿದಿರಿ. ಹಿತ್ತಿಲಲ್ಲಿ ನಲವತ್ತಾರು ಡಿಗ್ರಿ ಬಿಸಿಲು. ತಮ್ಮ ಮೇಲೆ ಇಟ್ಟಿದ್ದರೂ ಆ ಮಾಂಸ ಬೇಗ ಬೇಯುತ್ತಿತ್ತೇನೋ. ಒಂದು ಗಂಟೆಗೆ, ಇನ್ನೂ ಮೂರು ಗಂಟೆ ಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ.

ಮಾಮ ಮಾಂಸವನ್ನು ಕುಕ್ಕರಿಗೆ ಹಾಕಿ, ಎಂಟು ವಿಸಿಲ್ ಕೂಗಿಸಿ, ನನ್ನ ಸಾಸ್ ಸುರಿದು, ದೊಡ್ಡ ತುಂಡನ್ನು ಮೊದಲು ನನ್ನ ತಟ್ಟೆಗೇ ಬಡಿಸಿದರು. ನಾನು ಉಣಿಸಬೇಕೆಂದಿದ್ದ ಒಂದೇ ದಿನವೂ ಅವರ ಕೈಯಿಂದಲೇ ಉಂಡೆ. ನಾಚಿಕೆಯಾಯಿತು, ಆದರೂ ಎಲುಬು ಬಿಡಲಿಲ್ಲ. ನಾಲ್ಕು ಗಂಟೆಗೆ ಅವರ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸುವಾಗ, "ಅಭಿನಂದನೆಗಳು, ನಿಮ್ಮ ಮಾಂಸ ಸಿದ್ಧ" ಎಂದು ತಮ್ಮ ಸಂದೇಶ ಬಂತು. ಒಳಗೆ ಇಲ್ಲದ ಮಾಂಸವನ್ನು ಇಷ್ಟು ಹದವಾಗಿ ಬೇಯಿಸುವವರು ಈ ಮರಳುನಾಡಿನಲ್ಲಿ ತಮ್ಮನ್ನು ಬಿಟ್ಟರೆ ಇನ್ನಾರಿದ್ದಾರೆ?

ಆದ್ದರಿಂದ ನನ್ನ ವಿನಮ್ರ ಬೇಡಿಕೆ ಇಷ್ಟೆ. ಮಾಮ ಮುಚ್ಚಳ ಎತ್ತಿದಾಗ ಇಪ್ಪತ್ತು ನಿಮಿಷ ಕೂಡಿಸದೆ ಕಳೆಯತಕ್ಕದ್ದು. ಅದಾಗದಿದ್ದರೆ, ಆ ಶನಿವಾರವನ್ನು ಬೆಳಿಗ್ಗೆ ಐದರಿಂದ ನನಗೆ ಮರಳಿಸತಕ್ಕದ್ದು.

ತಮ್ಮ ಹೊಗೆಯನ್ನಷ್ಟೇ ಉಂಡ ವಿಶ್ವಾಸಿ,
ಲಿಯೊನೆಲ್

ತಾ.ಕ.: ನಿನ್ನೆ ಮಾಮ ಬಜ್ಪೆಯಿಂದ ಫೋನ್ ಮಾಡಿದ್ದರು. "ಲಿಯೊನೆಲ್ ಅವನ ಕೈಯಾರೆ ಬೇಯಿಸಿ ಹಾಕಿದ ಅಂತ ಇಡೀ ಊರಿಗೆ ಹೇಳಿದ್ದೇನೆ ಮಾರಾಯ" ಎಂದರು. ತಮ್ಮ ಹೆಸರನ್ನು ಎಲ್ಲೂ ಎತ್ತಲಿಲ್ಲವಂತೆ.